ಮುಂದಿನ ಸೀಟಿನ ರೀಡಿಂಗ್

ಮಾರ್ಚ್ ೪, ಬೆಳಿಗ್ಗೆ

ಲಾಗರ್ ಆನ್ ಮಾಡಿ, ಟೇಪ್ ಹಚ್ಚಿ, ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದೆ. ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ. ದಾರಿಯುದ್ದಕ್ಕೂ ಎಲ್ಲೆಲ್ಲಿ ಎಷ್ಟೆಷ್ಟು ವಿಕಿರಣ ಅಂತ ತಾನೇ ಅಳೆದು ತಾನೇ ಬರೆದಿಟ್ಟುಕೊಳ್ಳುತ್ತದೆ. ನನ್ನ ಕೆಲಸ ಅದಕ್ಕೆ ಕಾವಲು. ಎರಡು ವಾರದ ಟ್ರಿಪ್. ಸುಸೂತ್ರ ಮುಗಿದರೆ ಕೆಲಸ ಖಾಯಂ ಎಂದಿದ್ದಾರೆ ಸಾಹೇಬರು.

ನಾಲ್ಕನೇ ತಿಂಗಳು ಎಂದು ಅವರಿಗೆ ಹೇಳಿಲ್ಲ. ಹೇಳಿದರೆ ಬಸುರಿಯರಿಗೆ ಫೀಲ್ಡ್ ಇಲ್ಲ ಅಂತ ಮೂಲೆಗುಂಪು ಮಾಡುತ್ತಾರೆ. ಹಿಂದೆ ಎರಡು ನಿಲ್ಲಲಿಲ್ಲ. ಇದು ನಿಂತಿದೆ. ಸಡಿಲ ಅಂಗಿ ಇದೆ, ಸದ್ಯಕ್ಕೆ ನಡೆಯುತ್ತದೆ.

ಡ್ರೈವರ್ ಹೊಸಬ, ವಯಸ್ಸಾದವನು. ಸುಡುಬಿಸಿಲಲ್ಲೂ ಕತ್ತಿಗೆ ಮಫ್ಲರ್. ಹೆಸರು ಕೇಳಲಿಲ್ಲ — ಮಫ್ಲರ್ ಎಂದೇ ಇಟ್ಟೆ.

ಮಾರ್ಚ್ ೫

ರೀಡಿಂಗ್ ಸಿಕ್ಕಾಪಟ್ಟೆ ಮೇಲಿದೆ. ಊರಲ್ಲೂ ಅಷ್ಟೇ, ಬಯಲಲ್ಲೂ ಅಷ್ಟೇ. ಬ್ಯಾಟರಿ ಬದಲಿಸಿದೆ. ಹಾಗೇ. ಯಂತ್ರ ಸರಿಯಾಗೇ ಇದೆ, ಬುದ್ಧಿ ಇಲ್ಲದಿರುವುದು ನಿಮಗೆ ಎಂದರು ಸಾಹೇಬರು ಫೋನಿನಲ್ಲಿ.

ಆ ಸಿಟ್ಟೆಲ್ಲ ಮಫ್ಲರ್ ಮೇಲೆ. ಏನು ಸಾಗಿಸುತ್ತಿದ್ದೀಯ ಎಂದು ಡಿಕ್ಕಿ ತೆಗೆಸಿದೆ. ಚೀಲ ರಸ್ತೆ ಮೇಲೆ ಸುರಿಸಿದೆ. ಬನಿಯನ್, ಟವೆಲ್ಲು, ಸೋಪು. ಒಂದೊಂದೇ ಕೊಡವಿ ಮಡಚಿಟ್ಟ.

ಮಾರ್ಚ್ ೭, ಮಧ್ಯಾಹ್ನ

ಗೊತ್ತಾಯಿತು.

ಪೆಟ್ರೋಲ್ ಬಂಕಿನಲ್ಲಿ ಅವನು ಇಳಿದು ಹೋದ — ಅಂಕಿ ಬಿತ್ತು. ಬಂದು ಕೂತ — ಏರಿತು. ನೀರು ತಾ ಎಂದು ಕಳಿಸಿದೆ. ಬಿತ್ತು. ಬಿಸ್ಕತ್ತು ತಾ. ಬಿತ್ತು. ಬೇರೆ ಬಿಸ್ಕತ್ತು ತಾ. ಬಿಸಿಲಲ್ಲಿ ಓಡಾಡಿ ಏದುಸಿರು ಬಿಡುತ್ತಿದ್ದವನ ಮೈಗೇ ಪೆಟ್ಟಿಗೆ ಹಿಡಿದೆ. ಕತ್ತಿನ ಹತ್ತಿರ ಕಿರುಚಿಕೊಂಡಿತು.

ಮಫ್ಲರ್ ಬಿಚ್ಚಿದ. ಕತ್ತಿಗೆ ಅಡ್ಡಲಾಗಿ ಹೊಲಿಗೆ. ಥೈರಾಯ್ಡ್ ಕ್ಯಾನ್ಸರ್ ಅಂತೆ. ಆಪರೇಷನ್ ಆಗಿ, ಮೊನ್ನೆ ಹೊರಡುವ ಮುಂಚೆ ವಿಕಿರಣದ ಔಷಧಿ ನುಂಗಿಸಿ ಕಳಿಸಿದ್ದಾರಂತೆ. ಎರಡು ವಾರ ಅದು ಮೈಯಿಂದ ಹೊಮ್ಮುತ್ತಿರುತ್ತದೆ, ಬಸುರಿಯರ ಹತ್ತಿರ, ಮಕ್ಕಳ ಹತ್ತಿರ ಸುಳಿಯಬೇಡ ಎಂದರಂತೆ.

"ಮನೇಲಿ ಮಗಳು ಬಸುರಿ, ಮೇಡಂ. ಇರೋದು ಒಂದೇ ರೂಮು. ಕ್ಯಾನ್ಸರ್ ಅಂದ್ರೆ ಎದೆ ಒಡ್ಕೋತಾಳೆ, ಹೇಳಿಲ್ಲ. ಅದಕ್ಕೇ ಈ ಟ್ರಿಪ್ ಒಪ್ಕೊಂಡೆ. ದೂರ ಇರ್ಬಹುದಲ್ಲ ಅಂತ."

ಅವನ ಮಗಳು ಉಳಿಯಲಿ ಅಂತ ನಾಲ್ಕು ದಿನದಿಂದ ನನ್ನ ಪಕ್ಕ...

"ನಾನೂ ಬಸುರಿ ಕಣಯ್ಯಾ," ಎಂದೆ. ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಮಗಳ ಹೊಟ್ಟೆಯೂ ಉರಿಯಲಿ ಎಂದೆ. ಇಳಿ ಎಂದೆ.

ಅವನ ಮುಖ ಬಿಳಿಚಿಕೊಂಡಿತು. ಕೀ ಸೀಟಿನ ಮೇಲಿಟ್ಟು, ಚೀಲ ತಗೊಂಡು, ದೂರ ಹೋಗಿ ನಿಂತು ಮಾತಾಡಿದ. "ನಾನೇ ಬಿಟ್ಟು ಹೋದೆ ಅಂತ ಸಾಹೇಬ್ರಿಗೆ ಹೇಳ್ತೀನಿ. ನಿಮ್ಮ ವಿಷ್ಯ ಹೊರಗೆ ಬರಲ್ಲ. ನಂದೂ ಯಾರಿಗೂ ಹೇಳ್ಬೇಡಿ, ತಾಯಿ."

ತಲೆಯಾಡಿಸಿದೆ. ನಾನೇ ಗಾಡಿ ತೆಗೆದೆ. ಬಸ್ಸು ಎಷ್ಟು ಹೊತ್ತಿಗೋ, ಎಲ್ಲಿಗೋ — ಕೇಳಲಿಲ್ಲ.

ಮಾರ್ಚ್ ೮

ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಏನೂ ಆಗಿರಲಿಕ್ಕಿಲ್ಲ, ಬಂದ ಮೇಲೆ ನೋಡೋಣ, ಹೆದರಬೇಡಿ ಎಂದರು. ಹಾಗನ್ನಲು ಅವರ ಗಂಟೇನು ಹೋಗುತ್ತದೆ.

ನಡುನೀರಿನಲ್ಲಿ ಕೈಬಿಟ್ಟ ಕಳ್ಳ, ಇನ್ನೆಲ್ಲೂ ಅವನಿಗೆ ಕೆಲಸ ಸಿಗದ ಹಾಗೆ ಮಾಡ್ತೀನಿ ಎಂದರು ಸಾಹೇಬರು. ಹೂಂ ಎಂದೆ. ಇವತ್ತಿನ ಡೇಟಾ ಚೊಕ್ಕವಾಗಿದೆಯಂತೆ.

ಮಾರ್ಚ್ ೧೧, ಬೆಳಿಗ್ಗೆ ೯

ಅವನ ಮಗಳ ಫೋನು. ನಂಬರ್ ಆಫೀಸಿನಲ್ಲಿ ಕೊಟ್ಟರಂತೆ.

ಮನೆಗೆ ಬಂದವನು ಬಾಗಿಲಾಚೆ ಮೆಟ್ಟಿಲ ಮೇಲೇ ಕೂತನಂತೆ. ಎಷ್ಟು ಕರೆದರೂ ಒಳಗೆ ಬರಲಿಲ್ಲ. ನಿನ್ನೆ ತಲೆಸುತ್ತಿ ಬಿದ್ದ. ಅಕ್ಕಪಕ್ಕದವರು ಎತ್ತಿ ಒಳಗೆ ತಂದರು.

"ನನ್ನ ಪಕ್ಕದಲ್ಲೇ ಮಲಗಿಸ್ಕೊಂಡಿದ್ದೀನಿ. ದೂರ ಹೋಗು, ದೂರ ಹೋಗು ಅಂತ ತಳ್ತಾರೆ. ಮಗು ಒದೀತಾ ಇದೆ, ಮುಟ್ಟಿ ನೋಡಪ್ಪಾ ಅಂದ್ರೆ ಕೈ ಕಿತ್ಕೋತಾರೆ. ನಿನ್ನೆಯಿಂದ ಕೈ ಬಿಟ್ಟಿಲ್ಲ ನಾನು. ಅಲ್ಲಿ ಏನಾಯ್ತು ಮೇಡಂ? ನಿಮಗೇನಾದ್ರೂ ಗೊತ್ತಾ?"

ಹೇಳಿದರೆ ಇವಳು ಆಫೀಸಿಗೆ ಹೋಗಿ ಕೂಗಾಡುತ್ತಾಳೆ. ಆಮೇಲೆ ನನ್ನ ಹೊಟ್ಟೆಯ ವಿಷಯ... ಕೆಲಸ... ಮಾತು ಕೊಟ್ಟಿದ್ದೇನೆ ಎಂದು ನೆಪ ಹುಡುಕಿಕೊಂಡೆ.

ಗೊತ್ತಿಲ್ಲಮ್ಮಾ ಎಂದೆ. ಚೆನ್ನಾಗಿ ನೋಡಿಕೋ ಎಂದೂ ಅಂದೆ.

ಥೂ ನನ್ನ ಬಾಯಿಗೆ.

೯.೪೦

ಅವಳ ನಂಬರ್ ಫೋನಿನಲ್ಲೇ ಇದೆ. ಒತ್ತಿದರೆ ಆಯಿತು. ಅಪ್ಪನ ಪಕ್ಕದಿಂದ ಏಳು, ಈಗಲೇ ಏಳು — ಅಷ್ಟು ಹೇಳಿದರೂ ಸಾಕು. ಹೇಳ್ತೀನಿ. ಸಾಹೇಬರ ಫೋನ್ ಬರುತ್ತಿದೆ, ಅದೊಂದು ಮುಗಿಸಿ