ನಾಲ್ಕು ಭಾಷೆಯ ಡಂಗುರ

ಹಳೆಯ ಚಕ್ರವರ್ತಿ ತೀರಿಕೊಂಡು ಇಪ್ಪತ್ತನೆಯ ವರ್ಷ, ಹುಣ್ಣಿಮೆಯ ಮರುದಿನ.

ಸಾಮ್ರಾಜ್ಯದಲ್ಲಿ ನಾಲ್ಕು ಜನಾಂಗ, ನಾಲ್ಕು ಭಾಷೆ. ಅಪ್ಪ ನಾಲ್ಕರಲ್ಲೂ ಡಂಗುರ ಸಾರುತ್ತಿದ್ದ. ಸಂತೆಗೆ ಸಂತೆಯೇ ಕಿವಿಗೊಡುತ್ತಿತ್ತು. ಈಗಿನ ಅರಸನಿಗೆ ಒಂದೇ ಸಾಕಂತೆ; ಅಪ್ಪನ ತಮಟೆ ಹಿಡಿದ ನಾನು ಅರಸನ ಭಾಷೆಯಲ್ಲಷ್ಟೇ ಸಾರಬೇಕು.

ಇಂದು ಸೇತುವೆ ಕುಸಿದ ಸುದ್ದಿ ಸಾರಿದೆ. ಕಂಬಳಿ ಮಾರುವ ಗುಡ್ಡದ ಅಜ್ಜಿಗೆ ಒಂದಕ್ಷರವೂ ತಿಳಿಯಲಿಲ್ಲ; ಕತ್ತೆ ಹೊಡೆದುಕೊಂಡು ಸೇತುವೆಯತ್ತಲೇ ಹೊರಟಳು. ತಡೆಯಲಾಗದೆ ಅವಳ ಭಾಷೆಯಲ್ಲೇ ಕೂಗಿಬಿಟ್ಟೆ.

ಅಜ್ಜಿ ನಿಂತಳು. "ಎಷ್ಟು ವರ್ಷ ಆಯ್ತಪ್ಪಾ ಈ ಮಾತು ಕೇಳಿ! ನಿಮ್ಮಪ್ಪಂದೇ ಗಂಟಲು!"

ಕಾವಲಿನ ನಾಯಕ ತಮಟೆ ಕಿತ್ತುಕೊಂಡ. "ನಾಳೆಯಿಂದ ಬರ್ಬೇಡ."

ಮನೆಯಲ್ಲಿ ಹೆಂಡತಿ ಬಯ್ಯಲಿಲ್ಲ. "ಒಂದ್ಸಲ ನಾಲ್ಕರಲ್ಲೂ ಸಾರ್ರೀ, ಕೇಳೋಣ" ಎಂದಳು.

ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಅವಳ ತವರಿನ ಭಾಷೆ; ಅರ್ಧಕ್ಕೇ ಮರೆತು ಅವಳ ಮುಖ ನೋಡಿದೆ.

ಅವಳಿಗೂ ನೆನಪಾಗಲಿಲ್ಲ.