ಹತ್ತನೆಯ ವಿದ್ಯಾರ್ಥಿ

ಹಾಲ್ವರ್ ಫಾಲ್ಸ್, ಮಿನೆಸೋಟ
ಅಕ್ಟೋಬರ್ 9

ಪ್ರೀತಿಯ ತಂಗಿ ಆರ್ಡಿಸ್‌ಗೆ,

ಹೇಗಿದ್ದೀಯ? ನಿನ್ನ ಮಂಡಿನೋವು ಹೇಗಿದೆ? ನೀನು ಕಳಿಸಿದ ಲಿಂಗನ್‌ಬೆರಿ ಜಾಮ್ ಬಂದು ತಿಂಗಳಾಯಿತು, ಮುಗಿದೂ ಹೋಯಿತು. ಅಣ್ಣ ಒಂದು ಸಾಲೂ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ನನಗೀಗ ಹೋಮ್‌ವರ್ಕ್ ಇದೆ. ನಗಬೇಡ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಅಪ್ಪನ ಹಿಂದೆ ಏಣಿ ಹೊತ್ತುಕೊಂಡು ಚಾವಣಿ ಹತ್ತಿದ ನಿನ್ನ ಅಣ್ಣ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಯೂನಿವರ್ಸಿಟಿ ವಿದ್ಯಾರ್ಥಿಯಾಗಿದ್ದಾನೆ. ಅದೂ ನಿನ್ನ ಅತ್ತಿಗೆ ಸಿಗ್ನೆಯ ಕ್ಲಾಸಿನಲ್ಲಿ.

ಹೇಗೆ ಎಂದು ಹೇಳುತ್ತೇನೆ ಕೇಳು. ಸಿಗ್ನೆ ಒಂದೇ ಸಲ ಕೆಲಸ ಬಿಡದೆ ಹಂತಹಂತವಾಗಿ ನಿವೃತ್ತಿಯಾಗುವ ಕರಾರಿಗೆ ಸಹಿ ಹಾಕಿದ್ದು ನಿನಗೆ ಗೊತ್ತು. ಅರ್ಧ ಕೆಲಸ, ಅರ್ಧ ಸಂಬಳ, ಆರೋಗ್ಯ ವಿಮೆ ಮಾತ್ರ ಪೂರ್ತಿ. ಅವಳಿಗೆ ಬೇಕಾಗಿದ್ದದ್ದು ಆ ವಿಮೆಯೇ. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಕೂರಿಸಿ ನರಕ್ಕೆ ಹನಿಹನಿಯಾಗಿ ಔಷಧ ಬಿಡುತ್ತಾರಲ್ಲ, ಅದರಿಂದಲೇ ಸಂಧಿವಾತಕ್ಕೆ ಮುದುಡಿದ ಅವಳ ಬೆರಳುಗಳು ಬಿಚ್ಚಿಕೊಳ್ಳುತ್ತವೆ. ಒಂದು ಸಲ ತಪ್ಪಿತೋ, ಕೋಟಿನ ಗುಂಡಿಯನ್ನೂ ನಾನೇ ಹಾಕಬೇಕು. ಅದರ ಬೆಲೆಯನ್ನು ಕೈಯಿಂದ ಕೊಡುವ ಶಕ್ತಿ ನಮಗಿಲ್ಲ.

ಅರ್ಧ ಕೆಲಸವೆಂದರೆ ಎರಡು ಕ್ಲಾಸು. ಒಂದಕ್ಕೆ ಹುಡುಗರು ತುಂಬಿ ತುಳುಕುತ್ತಾರೆ. ಇನ್ನೊಂದು ಪಾಚಿ ಮತ್ತು ಕಲ್ಲುಹೂವಿನ ಪಾಠ. ಅದನ್ನು ಓದಿ ಯಾರು ಉದ್ಧಾರವಾಗಬೇಕು? ಒಂಬತ್ತು ಜನ ಸೇರಿದರು. ಹತ್ತು ಜನರಿಲ್ಲದಿದ್ದರೆ ಕ್ಲಾಸು ರದ್ದು. ನಾನು ಯೂನಿವರ್ಸಿಟಿಯ ನೌಕರರ ಸೌಲಭ್ಯಗಳ ಕಚೇರಿಗೆ ಹೋದೆ. ಅಲ್ಲಿ ರೊವೀನಾ ಎಂಬ ಹೆಂಗಸು, ಪಾಪ, ಒಳ್ಳೆಯವಳೇ.

"ಒಂದು ಕ್ಲಾಸ್ ರದ್ದಾದ್ರೆ ಅವರ ಕೆಲಸ ಅರ್ಧಕ್ಕಿಂತ ಕಡಿಮೆ ಆಗುತ್ತೆ ಸರ್. ತಿಂಗಳ ಕೊನೆಗೆ ವಿಮೆ ನಿಲ್ಲುತ್ತೆ," ಎಂದಳು.

"ಹಾಗಾದ್ರೆ ಮೊದಲಿನ ಹಾಗೆ ಪೂರ್ತಿ ಕೆಲಸ ಕೊಡಿ."

"ಆಗಲ್ಲ ಸರ್. ಸಹಿ ಹಾಕಿದ್ ಮೇಲೆ ವಾಪಸ್ ಹೋಗೋ ಹಾಗಿಲ್ಲ."

"ನನಗೆ ಸರ್ಕಾರದ ಮೆಡಿಕೇರ್ ವಿಮೆ ಇದೆಯಲ್ಲ, ಅವಳನ್ನೂ ಅದಕ್ಕೇ ಸೇರಿಸ್ಕೊಳ್ಳಿ."

"ಅದು ನಿಮ್ಮೊಬ್ರಿಗೇ. ಅವರಿಗೂ ಅರವತ್ತೈದು ತುಂಬಬೇಕು."

"ಏನ್ ಮಾಡ್ಲಿ ಈಗ? ಹೆಂಡ್ತಿಗೆ ಬೇಗ ವಯಸ್ಸಾಗ್ಲಿ ಅಂತ ಚರ್ಚಲ್ಲಿ ಪ್ರಾರ್ಥನೆ ಮಾಡಿಸ್ಲಾ?"

ಅವಳು ನಗು ತಡೆದುಕೊಂಡು ಕಿಟಕಿಯತ್ತ ತಿರುಗಿದಳು. ನಾನು ಅಲ್ಲಿಂದ ಎದ್ದು ನೇರವಾಗಿ ಪ್ರವೇಶದ ಕಚೇರಿಗೆ ಹೋದೆ. ಚಾವಣಿ ರಿಪೇರಿ ಗುತ್ತಿಗೆಯ ಲೈಸೆನ್ಸಿಗೆಂದು ಹಿಂದೆ ಹೈಸ್ಕೂಲಿಗೆ ಸಮಾನವಾದ ಪರೀಕ್ಷೆ ಪಾಸು ಮಾಡಿದ್ದೆನಲ್ಲ, ಆ ಹಾಳೆ ಈಗ ಕೆಲಸಕ್ಕೆ ಬಂತು. ಮುದುಕರು ಬಿಟ್ಟಿಯಾಗಿ ಕೂತು ಕೇಳಬಹುದಂತೆ, ಆದರೆ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಸರಿ, ಪಿಕಪ್ ಗಾಡಿ ಮಾರಿ ಪೂರ್ತಿ ಫೀಸು ಕಟ್ಟಿದೆ. ಹತ್ತಕ್ಕೆ ಹತ್ತಾಯಿತು.

ವಿಭಾಗದ ಮುಖ್ಯಸ್ಥ ಡಾಕ್ಟರ್ ಕ್ವಿಂಬಿ ಕರೆಸಿದ. "ಲೈಲ್, ಇದು ಚೆನ್ನಾಗಿ ಕಾಣಲ್ಲ."

"ನಾನು ಯಾವತ್ತು ಚೆನ್ನಾಗಿ ಕಾಣ್ತಿದ್ದೆ? ಎಷ್ಟು ಜನ ಬೇಕು ಅಂದಿದ್ರಿ? ಎಣಿಸ್ಕೊಳ್ಳಿ."

"ಹೆಂಡ್ತಿ ಪಾಠ ಮಾಡೋದು, ಗಂಡ ಪರೀಕ್ಷೆ ಬರೆಯೋದು... ಮಾರ್ಕ್ಸ್ ಅವರು ಹಾಕೋ ಹಾಗಿಲ್ಲ. ಬೇರೆಯವರು ಹಾಕ್ಬೇಕು, ಅದು ನಿಯಮ."

"ನೀವೇ ಹಾಕಿ. ನಿಮಗೂ ಏನಾದ್ರೂ ಕೆಲಸ ಬೇಡ್ವಾ?"

ಅವನೇ ಹಾಕುತ್ತಿದ್ದಾನೆ. ಮೊದಲನೆಯ ಪರೀಕ್ಷೆಯಲ್ಲಿ ಫೇಲಾದೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಚಿತ್ರ ಬಿಡಿಸಿ ಎಂದರು. ಬಿಡಿಸಿದೆ. ಅದು ನನ್ನದೇ ರೆಪ್ಪೆಕೂದಲಂತೆ. ಪಕ್ಕದಲ್ಲಿ ಕೂರುವ ಹುಡುಗಿ, "ಅಜ್ಜ, ನಿಮಗ್ಯಾಕೆ ಈ ಕ್ಲಾಸು?" ಎಂದು ಕೇಳಿದಳು. "ಜೀವಮಾನವೆಲ್ಲಾ ಜನರ ಚಾವಣಿ ಮೇಲಿನ ಪಾಚಿ ಕೆರೆದು ಎಸೆದಿದ್ದೀನಮ್ಮ. ಅದರ ಹೆಸರಾದ್ರೂ ತಿಳ್ಕೊಳ್ಳೋಣ ಅಂತ," ಎಂದೆ. ಸಿಗ್ನೆಯ ಗಂಡ ಎಂದು ಹೇಳಲಿಲ್ಲ. ಸಿಗ್ನೆಯೂ ಹೇಳಲಿಲ್ಲ. ಹಾಜರಿ ಕರೆಯುವಾಗ ನಾನು "ಮಿಸ್ಟರ್ ಹೌಗನ್". ಅವಳು ಮದುವೆಯಾದ ಮೇಲೂ ತನ್ನ ಹೆಸರನ್ನೇ ಇಟ್ಟುಕೊಂಡಳೆಂದು ನಮ್ಮಮ್ಮ ಆಗ ಎಷ್ಟು ಕೂಗಾಡಿದ್ದಳು! ಈಗ ನೋಡು, ಅದು ಎಷ್ಟು ಅನುಕೂಲವಾಯಿತು.

ಅವಳಿಗೆ ಮೊದಲೇ ತಿಳಿಸಲಿಲ್ಲ, ಅದು ನಿಜ. ಪಟ್ಟಿಯಲ್ಲಿ ನನ್ನ ಹೆಸರು ಕಂಡ ದಿನ ಮನೆಗೆ ಬಂದವಳೇ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದಳು.

"ನಾಳೆ ಹೋಗಿ ಹೆಸರು ತೆಗೆಸು."

"ತೆಗೆಸಲ್ಲ."

"ನನ್ನನ್ನ ಕಾಪಾಡು ಅಂತ ನಾನು ನಿನ್ನ ಕೇಳಿದ್ನಾ?"

"ಕೇಳ್ಬೇಡ. ಟರ್ಮ್ ಮುಗಿಯೋವರೆಗೂ ಹತ್ತು ಜನ ಇರ್ಬೇಕು, ಇರ್ತೀವಿ. ಬೇಕಾದ್ರೆ ಕ್ಲಾಸಿಂದ ಹೊರಗೆ ನಿಲ್ಸು. ಹೊರಗೆ ನಿಂತ್ರೂ ಲೆಕ್ಕಕ್ಕಿರ್ತೀನಿ."

ಅವಳು ಒಂದೇ ಮಾತು ಹೇಳಿ ಮಹಡಿ ಹತ್ತಿ ಹೋದಳು. ಆ ಮಾತನ್ನು ಕೊನೆಗೆ ಬರೆಯುತ್ತೇನೆ.

ನಾನು ಮಾಡಿದ್ದು ತಪ್ಪೆಂದು ನೀನು ಬರೆದರೆ ಆ ಕಾಗದವನ್ನು ಒಲೆಗೆ ಹಾಕುತ್ತೇನೆ. ಸಹಿ ಹಾಕಿಸಿಕೊಳ್ಳುವಾಗ ಹಲ್ಲು ಬಿಟ್ಟು ಕೈಕುಲುಕಿದವರು ಒಬ್ಬ ವಿದ್ಯಾರ್ಥಿ ಕಡಿಮೆಯಾದನೆಂದು ಅವಳ ಬೆರಳುಗಳನ್ನು ಮುದುಡಿಸಲು ಬಂದರೆ, ಈ ಹೌಗನ್ ಎಂಬತ್ತು ವರ್ಷವಾದರೂ ಆ ಬೆಂಚಿನಿಂದ ಏಳುವುದಿಲ್ಲ. ಫೇಲಾಗುತ್ತಲೇ ಇರುತ್ತೇನೆ. ಮುಂದಿನ ಟರ್ಮಿನಲ್ಲೂ ಅದೇ ಕ್ಲಾಸಿಗೆ ಸೇರುತ್ತೇನೆ.

ಈ ಸಲದ ಔಷಧ ಮುಂದಿನ ಗುರುವಾರ. ವಿಮೆ ಇದೆ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ, ಚಳಿ ಬೀಳುವ ಮುಂಚೆ ಯಾರ ಕೈಲಾದರೂ ನಿನ್ನ ಚಿಮಣಿ ಸ್ವಚ್ಛ ಮಾಡಿಸು. ಏಣಿಯನ್ನು ನೀನೇ ಹತ್ತಿದೆಯೋ, ಬಂದು ಕಾಲು ಮುರಿಯುತ್ತೇನೆ.

ನಿನ್ನ ಅಣ್ಣ,
ಲೈಲ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಲಿಲ್ಲ. ಸಿಗ್ನೆ ಅಂದದ್ದು ಇಷ್ಟು: "ನಾನು ರೋಗಿಯಲ್ಲದೆ ಇರೋದು ಆ ಒಂದು ಕೋಣೆಯಲ್ಲಿ ಮಾತ್ರ ಲೈಲ್." ಆಗ ನನಗೆ ಅರ್ಥವಾಗಲಿಲ್ಲ. ಹೋದ ಮಂಗಳವಾರ ಪಾಠದ ನಡುವೆ ಅವಳ ಕೈಯಿಂದ ಸೀಮೆಸುಣ್ಣ ಬಿತ್ತು. ನಾನು ಮನೆಯ ಅಭ್ಯಾಸದಲ್ಲಿ ಎದ್ದು ಹೋಗಿ, ಅದನ್ನು ಎತ್ತಿ ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ. ಇಡೀ ಕ್ಲಾಸು ಆ ಬೆರಳುಗಳನ್ನು ನೋಡಿತು. ಅಷ್ಟು ವರ್ಷ ಅವಳು ಬಚ್ಚಿಟ್ಟುಕೊಂಡಿದ್ದನ್ನು ನಾನು ಒಂದು ಗಳಿಗೆಯಲ್ಲಿ ಎಲ್ಲರ ಮುಂದೆ ಬಿಚ್ಚಿಟ್ಟೆ. "ಕೂತ್ಕೊಳ್ಳಿ, ಮಿಸ್ಟರ್ ಹೌಗನ್," ಎಂದಳು. ಅಂದಿನಿಂದ ಮನೆಯಲ್ಲೂ ನಾನು ಮಿಸ್ಟರ್ ಹೌಗನ್. ಕೋಟಿನ ಗುಂಡಿ ಹಾಕಲೂ ಬಿಡುವುದಿಲ್ಲ, ಕೋಟು ತೆರೆದುಕೊಂಡೇ ಗಾಳಿಗೆ ಹೊರಡುತ್ತಾಳೆ.

ಇವತ್ತು ಮತ್ತೆ ಬಿತ್ತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಪಕ್ಕದ ಹುಡುಗಿ ಏಳಹೊರಟಳು, ಅವಳ ತೋಳು ಹಿಡಿದು ಕೂರಿಸಿದೆ. ಸಿಗ್ನೆ ಬಗ್ಗಿ ಬಹಳ ಹೊತ್ತು ನೆಲ ತಡಕಾಡಿ ತಾನೇ ಎತ್ತಿಕೊಂಡಳು. ಬೋರ್ಡಿನ ಮೇಲೆ ಬರೆದದ್ದು ಸೊಟ್ಟಸೊಟ್ಟವಾಗಿತ್ತು. ಆಮೇಲೆ ನನ್ನತ್ತ ತಿರುಗಿ, "ಬರ್ಕೊಂಡ್ರಾ, ಮಿಸ್ಟರ್ ಹೌಗನ್?" ಎಂದಳು.

ಬರೆದುಕೊಂಡೆ.