ಬಾಗಿಲಿಂದ ಈಚೆ

ಸಸ್ಕಟೂನ್
ಭಾನುವಾರ, ನವೆಂಬರ್ ೬, ೧೯೮೩

ಪ್ರೀತಿಯ ಬ್ಲೂಮಾ,

ನೂರಿಪ್ಪತ್ತು ವರ್ಷ ಸುಖವಾಗಿ ಬಾಳು. ನಿನ್ನ ಮೂರು ಪತ್ರಗಳೂ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಪ್ರತಿ ಸಲ ಕಾಗದ ಹಿಡಿದು ಕೂತು, ಚಳಿಯ ಬಗ್ಗೆ ಎರಡು ಸಾಲು ಬರೆದು, ಮುಂದೆ ಏನೂ ತೋಚದೆ ಎದ್ದುಬಿಡುತ್ತಿದ್ದೆ. ಟೊರಾಂಟೊದಲ್ಲಿ ನಿನ್ನ ಮೊಣಕಾಲು ಹೇಗಿದೆ? ತಂಗಿಯ ಮನೆಯ ಮೆಟ್ಟಿಲು ಹತ್ತಲು ಆಗುತ್ತಿದೆಯಾ?

ಇಲ್ಲಿ ಹಿಮ ಬಿದ್ದಾಯಿತು. ನದಿಯ ಅಂಚು ಗಟ್ಟಿಯಾಗುತ್ತಿದೆ. ವಿನಿಪೆಗ್‌ನಿಂದ ನಮ್ಮ ಶಾಸ್ತ್ರದಂತೆ ಕೊಯ್ದು ಬರಬೇಕಿದ್ದ ಕೋಳಿ ಈ ವಾರ ಬರಲೇ ಇಲ್ಲ, ಶನಿವಾರದ ಸಬ್ಬತ್ತಿನ ಊಟಕ್ಕೆ ಎಲ್ಲರ ಮನೆಯಲ್ಲೂ ಮೊಟ್ಟೆಯೇ. ನಮ್ಮ ಫ್ರೂಮಾ ಪ್ರಾರ್ಥನೆ ಮುಗಿಸಿ ಸಿನಗಾಗಿನ ಮೆಟ್ಟಿಲ ಮೇಲೆ ನಿಂತು, “ಈ ಸಲ ಸಬ್ಬತ್ತಿನ ವಿಶ್ರಾಂತಿ ಚೆನ್ನಾಗಿ ಸಿಕ್ಕಿದ್ದು ಕೋಳಿಗಳಿಗೆ ಮಾತ್ರ ಕಣ್ರೇ” ಅಂದಳು. ಅವಳು ಹಾಗೇ ಇದ್ದಾಳೆ.

ಮೂರು ಪತ್ರದಲ್ಲೂ ನೀನು ಒಂದೇ ಮಾತು ಕೇಳಿದ್ದೀಯ: ಮತ್ತೆ ಕೆಲಸಕ್ಕೆ ಹೋದೆಯಾ? ನಮ್ಮಲ್ಲಿ ತೀರಿಕೊಂಡ ಹೆಂಗಸರನ್ನು ತೊಳೆದು, ತಲೆ ಬಾಚಿ, ಬಿಳಿ ಬಟ್ಟೆ ತೊಡಿಸಿ ಕಳಿಸುವ ಕೆಲಸವನ್ನು ನಾವಿಬ್ಬರೂ ಎಷ್ಟೋ ವರ್ಷ ಒಟ್ಟಿಗೆ ಮಾಡಿದವರು. ಜನವರಿಯಲ್ಲಿ ನನ್ನ ಟೋಬಾ ಹೋದಾಗ, ಹೆತ್ತವಳು ಒಳಗೆ ಬರಬಾರದು ಎಂಬ ಪದ್ಧತಿಯಂತೆ ನಾನು ತೊಳೆಯುವ ಕೋಣೆಯ ಬಾಗಿಲಿಂದ ಈಚೆ ಬೆಂಚಿನ ಮೇಲೆ ಕೂತಿದ್ದೆ. ನೀನು, ಫ್ರೂಮಾ, ಉಳಿದವರು ಒಳಗಿದ್ದಿರಿ. ಆಮೇಲೆ ನಾನು ಆ ಬಾಗಿಲು ದಾಟಲಿಲ್ಲ. ಬೇರೆ ಯಾವ ಬಾಗಿಲು ದಾಟುವುದಕ್ಕೂ ಮನಸ್ಸಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ, ಮತ್ತೆ ಯಾಕಾದರೂ ಎಚ್ಚರವಾಯಿತೋ ಅನ್ನುವುದೇ ಮೊದಲ ಯೋಚನೆ.

ಸೆಪ್ಟೆಂಬರಿನ ಹಬ್ಬಗಳು ಮುಗಿದ ಮೇಲೆ ಒಂದು ದಿನ ನಮ್ಮ ರಬ್ಬಿಯ ಹೆಂಡತಿ ಮಲ್ಕಾ ಬಂದಳು. ಹತ್ತು ಗಂಟೆಯಾಗಿತ್ತು, ನಾನಿನ್ನೂ ರಾತ್ರಿಯ ಬಟ್ಟೆಯಲ್ಲೇ ಇದ್ದೆ. ಅವಳೇ ಚಹಾ ಕಾಸಿದಳು.

“ಹಿಂಡಾ, ಬೆಳಿಗ್ಗೆ ಎದ್ದ ಕೂಡಲೇ ಹೇಳೋ ಪ್ರಾರ್ಥನೆ ಹೇಳ್ತಿದೀರಾ?”

“ಅರವತ್ತು ವರ್ಷದ ಅಭ್ಯಾಸ. ನಾನು ಬಿಟ್ರೂ ಬಾಯಿ ಬಿಡಲ್ಲ.”

“ಪ್ರಾಣ ವಾಪಸು ಕೊಟ್ಟಿದ್ದಕ್ಕೆ ವಂದನೆ ಹೇಳಿ, ಕೊನೇಲಿ ‘ನಿನ್ನ ನಂಬಿಕೆ ದೊಡ್ಡದು’ ಅಂತೀವಲ್ಲ, ಯಾರ ನಂಬಿಕೆ ಅದು? ನಮ್ಮದಲ್ಲ, ಆ ದೇವರದು. ನಿಮ್ಮನ್ನ ನಂಬಿ ಈ ಒಂದು ದಿನಾನ ನಿಮ್ಮ ಕೈಗೆ ಕೊಟ್ಟಿದಾನೆ. ಇವತ್ತು ನಿಮ್ಮಿಂದಲೇ ಆಗಬೇಕಾದ್ದು ಏನೋ ಒಂದಿದೆ ಅಂತ ಅರ್ಥ.”

ನನಗೆ ಎಲ್ಲಿತ್ತೋ ಸಿಟ್ಟು ಬಂತು. “ಹಾಗಾದ್ರೆ ನನ್ನ ಟೋಬಾನ ಯಾಕೆ ನಂಬಲಿಲ್ಲ ಅವನು? ಮೂವತ್ತೆರಡು ವರ್ಷಕ್ಕೇ ಅವಳಿಂದ ಆಗಬೇಕಾದ್ದೆಲ್ಲ ಮುಗೀತಾ?”

ಮಲ್ಕಾಳ ಮುಖ ಕೆಂಪಾಯಿತು. ಏನಾದರೂ ಸಮಾಧಾನ ಹೇಳುತ್ತಾಳೆ, ಹೇಳಿದರೆ ಎದ್ದು ಹೋಗು ಅನ್ನಬೇಕು ಅಂತ ಕಾಯುತ್ತಿದ್ದೆ. ಅವಳು, “ನಂಗೆ ಗೊತ್ತಿಲ್ಲ, ಹಿಂಡಾ” ಅಂದಳು. ಲೋಟ ತೊಳೆದಿಟ್ಟು ಹೋದಳು. ಗೊತ್ತಿಲ್ಲ ಅಂದಳಲ್ಲ, ಅದಕ್ಕೇ ಅವಳ ಮೊದಲಿನ ಮಾತು ನನ್ನಲ್ಲಿ ಉಳಿದುಕೊಂಡಿತು.

ಕಳೆದ ಮಂಗಳವಾರ ಮುದುಕಿ ಜ್ಲಾಟಾ ತೀರಿಕೊಂಡಳು. ಬೆಳಿಗ್ಗೆ ಫ್ರೂಮಾಳ ಫೋನು.

“ಹಿಂಡಾ, ಬಾ. ಬ್ಲೂಮಾ ಊರು ಬಿಟ್ಟಳು, ನೀನು ಹಾಸಿಗೆ ಬಿಡಲ್ಲ. ನಾವು ಮೂರೇ ಜನ, ಹೊರಳಿಸೋಕೆ ಆಗಲ್ಲ.”

“ನನ್ನ ಕೈಲಿ ಆಗಲ್ಲ ಫ್ರೂಮಾ.”

“ಜ್ಲಾಟಾ ಬದುಕಿದ್ದಾಗಲೇ ಯಾರ ಮಾತಿಗೂ ಆ ಕಡೆ ಈ ಕಡೆ ಹೊರಳಿದವಳಲ್ಲ ಮಾರಾಯ್ತಿ. ಈಗ ಮೂರು ಜನಕ್ಕೆ ಹೊರಳ್ತಾಳಾ?”

ಎಷ್ಟೋ ತಿಂಗಳ ಮೇಲೆ ನಗು ಬಂತು. ನಕ್ಕಿದ್ದಕ್ಕೆ ಅಳು ಬಂತು. ಕೋಟು ಹಾಕಿಕೊಂಡು ಹೋದೆ.

ಅದೇ ಬೆಂಚಿನ ಹತ್ತಿರ ಕಾಲು ನಿಂತುಬಿಟ್ಟಿತು. ಮಲ್ಕಾ ಒಳಗಿಂದ ಬಂದು ನನ್ನ ತೋಳು ಹಿಡಿದುಕೊಂಡಳು. ನೀರು ಸುರಿಯುವ ಕೆಲಸ ನನಗೆ ಬಂತು. ಧಾರೆ ಕಡಿಯಬಾರದಲ್ಲ, ಒಂದು ಬಕೆಟ್ ಮುಗಿಯುವ ಮೊದಲೇ ಇನ್ನೊಂದು ಶುರುವಾಗಬೇಕು. ಕೈಗೆ ಎಲ್ಲ ನೆನಪಿತ್ತು. ಕೊನೆಗೆ ನಾವು ನಾಲ್ವರೂ ಅವಳನ್ನು ಹೆಸರು ಹಿಡಿದು ಕರೆದು, ನಿನ್ನ ಮರ್ಯಾದೆಗೆ ನಮ್ಮಿಂದ ಏನಾದರೂ ಕುಂದಾಗಿದ್ದರೆ ಕ್ಷಮಿಸು ಅಂತ ಕೇಳಿಕೊಂಡೆವು. ಆಗ ನನಗೆ ಹೊಳೆಯಿತು, ನನ್ನ ಟೋಬಾಳನ್ನೂ ಯಾರೋ ಹೀಗೆಯೇ ಹೆಸರು ಹಿಡಿದು ಕರೆದಿದ್ದಾರೆ. ಯಾರೋ ಏನು, ನೀನು. ಬಾಗಿಲ ಆಚೆಯಿಂದ ನಿನ್ನ ದನಿ ಕೇಳಿಸಿತ್ತು, ಮಾತು ಮಾತ್ರ ಆ ದಿನ ನನ್ನ ತಲೆಗೆ ಹೋಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಯಾಕೆ ಅಂತ ಕೇಳಿಕೊಳ್ಳಲಿಲ್ಲ. ಬಿಳಿ ಬಟ್ಟೆ ಮುಗಿಯುತ್ತ ಬಂದಿದೆ, ಹೊಲಿಯಬೇಕು ಅಂತ ನೆನಪಾಯಿತು. ಎದ್ದೆ. ದಿನಾ ಹಾಗೇ ಆಗುವುದಿಲ್ಲ. ಮೊನ್ನೆ ಮಧ್ಯಾಹ್ನದವರೆಗೂ ಗೋಡೆ ನೋಡುತ್ತ ಮಲಗಿದ್ದೆ. ಮಗಳನ್ನು ಮರೆತೆ ಅಂದುಕೊಳ್ಳಬೇಡ. ಯಾರ ಮೇಲೆ ನೀರು ಸುರಿದರೂ ಕೈ ಅವಳನ್ನೇ ಹುಡುಕುತ್ತದೆ. ಆದರೂ ಫ್ರೂಮಾ ಕರೆದರೆ ಇನ್ನು ಹೋಗುತ್ತೇನೆ.

ನಿನ್ನ ಮೊಣಕಾಲು ಬೇಗ ವಾಸಿಯಾಗಲಿ, ನಿನ್ನ ತಂಗಿಯ ಮಕ್ಕಳ ಮದುವೆಗಳಲ್ಲಿ ನೀನು ಕುಣಿಯುವಂತಾಗಲಿ. ದೇವರು ನಿನ್ನ ಮನೆಯ ದೀಪಗಳನ್ನು ಕಾಯಲಿ.

ನಿನ್ನ
ಹಿಂಡಾ

ತಾ.ಕ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ತೊಳೆಯುವ ಕೋಣೆಯೊಳಗೆ ಕಂಡದ್ದನ್ನು ಹೊರಗೆ ಆಡಬಾರದು, ಹೆತ್ತವಳ ಮುಂದೆಯೂ ಆಡಬಾರದು. ಬರೆಯಲು ಕೂತರೆ ಎಲ್ಲಿ ಕೇಳಿಬಿಡುತ್ತೇನೋ ಅನ್ನಿಸುತ್ತಿತ್ತು, ಅದಕ್ಕೇ ಇಷ್ಟು ದಿನ ಪತ್ರ ಬರೆಯಲು ಆಗಲಿಲ್ಲ. ಟೋಬಾಳದು ಗುಂಗುರು ಕೂದಲು, ಬೇಗ ಸಿಕ್ಕಾಗುತ್ತದೆ. ಬುಡದಿಂದ ಬಾಚಿದರೆ ಅವಳಿಗೆ ನೋವಾಗುತ್ತದೆ. ಕೂದಲನ್ನು ಮಧ್ಯದಲ್ಲಿ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಬೇಕು. ಆ ದಿನ ಇಷ್ಟು ಹೇಳೋಣವೆಂದು ಎದ್ದು, ಬಾಗಿಲು ತಟ್ಟಲು ಕೈ ಎತ್ತಿದೆ. ತಟ್ಟಲಿಲ್ಲ. ಯಾರು ಬಾಚಿದರು, ಹೇಗೆ ಬಾಚಿದರು ಅಂತ ನೀನು ಹೇಳುವ ಹಾಗಿಲ್ಲ. ನಾನೂ ಕೇಳುತ್ತಿಲ್ಲ, ಬ್ಲೂಮಾ. ಹೇಗೆ ಬಾಚಬೇಕು ಅಂತ ಹೇಳುತ್ತಿದ್ದೇನೆ, ಅಷ್ಟೆ.